ಗುಂಡುತೋಪಿನ ಮರ, ಊರಿನ ದೋಣಿ

ಕೃಷಿ ಪುಟದಲ್ಲಿ ದೋಣಿಯ ವಿಷಯವೇಕೆ ಎಂದು ನೀವು ಕೇಳಬಹುದು. ನಮ್ಮದು ರಾಗಿ, ತೆಂಗು, ಅಡಿಕೆಯ ಜಿಲ್ಲೆ. ಸಮುದ್ರ ನಮ್ಮಿಂದ ದೂರ. ಕೆರೆ ತುಂಬಿದ ವರ್ಷ ಮೀನು ಹಿಡಿಯುವವರು ಹರಿಗೋಲು ಇಳಿಸುತ್ತಾರೆ. ಕೆರೆ ಒಣಗಿದ ವರ್ಷ ಅದನ್ನು ಮನೆಯ ಹಿಂದೆ ಕವುಚಿ ಹಾಕುತ್ತಾರೆ. ನಮಗೂ ದೋಣಿಗೂ ಇರುವ ನಂಟು ಇಷ್ಟೇ. ಆದರೂ ಈ ವಾರ ಬೀಜ, ಗೊಬ್ಬರ, ಔಷಧಿಗಳ ಮಾತನ್ನು ಬದಿಗಿಟ್ಟು, ಗುಬ್ಬಿ ತಾಲ್ಲೂಕಿನ ಒಂದು ಊರಿನಲ್ಲಿ ಹತ್ತು ಹನ್ನೆರಡು ಜನ ಕೂಡಿ ಬಿದ್ದ ಮಾವಿನ ಮರವೊಂದನ್ನು ತೋಡಿ ದೋಣಿ ಮಾಡಿದ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನನಗೆ ತಿಳಿಯದೆ ಉಳಿದಿದ್ದ ಒಂದು ಮಾತು ಆ ಮರದ ಬಳಿ ತಿಳಿಯಿತು. ಅದನ್ನು ನಿಮಗೆ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಹದಿನೈದು ವರ್ಷಗಳ ಹಿಂದಿನ ಮಾತು. ಒಬ್ಬ ರೈತರು ನನ್ನ ಬಳಿ ಬಂದು ಕೊಳವೆ ಬಾವಿ ಬತ್ತಿದ ವಿಷಯ ಹೇಳಿದರು. ನಾನು ಹನಿ ನೀರಾವರಿಯ ಕರಪತ್ರವೊಂದನ್ನು ಅವರ ಕೈಗಿತ್ತು, ಮುಂದಿನ ವಾರ ಬನ್ನಿ, ವಿವರವಾಗಿ ಮಾತಾಡೋಣ ಎಂದೆ. ಮುಂದಿನ ವಾರ ಅವರು ಬರಲಿಲ್ಲ. ನಾನೇ ಅವರ ಮನೆಗೆ ಹೋಗಬೇಕಾಯಿತು. ಅಂಗಳದಲ್ಲಿ ಜನ ಸೇರಿದ್ದರು. ಅವರ ಅಂಗಿಯ ಜೇಬಿನಲ್ಲಿ ನಾನು ಕೊಟ್ಟ ಕರಪತ್ರ ಹಾಗೇ ಮಡಿಸಿಕೊಂಡಿತ್ತು. ಕರಪತ್ರದಲ್ಲಿ ಬರೆದಿದ್ದುದೆಲ್ಲ ಸರಿಯಾಗಿಯೇ ಇತ್ತು. ಆದರೆ ಅವರು ಕೇಳಲು ಬಂದದ್ದು ಅದನ್ನಲ್ಲ.

ಬೆಳೆ ಹೋಗುವುದು, ಬೆಲೆ ಬೀಳುವುದು, ಸಾಲ ಬೆಳೆಯುವುದು ಇವೆಲ್ಲ ನಮಗೆ ಗೊತ್ತಿರುವ ಕಷ್ಟಗಳೇ. ಇವುಗಳ ಜೊತೆಗೆ ಇನ್ನೊಂದು ಕಷ್ಟವಿದೆ. ಅದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. 'ನನ್ನಿಂದ ಯಾರಿಗೂ ಏನೂ ಆಗಬೇಕಾದುದಿಲ್ಲ' ಎಂಬ ಭಾವನೆ ಒಬ್ಬ ಮನುಷ್ಯನಲ್ಲಿ ಕೂತುಬಿಡುವುದೇ ಆ ಕಷ್ಟ. ಹಿಂದೆ ಒಂದು ಊರಿನಲ್ಲಿ ಒಬ್ಬನಿಲ್ಲದಿದ್ದರೆ ಕೆಲಸ ನಿಲ್ಲುತ್ತಿತ್ತು. ಕಣಕ್ಕೆ ಹತ್ತು ಜನ ಬೇಕಿತ್ತು, ಕೆರೆಯ ಹೂಳಿಗೆ ಊರೇ ಬೇಕಿತ್ತು, ಕೂರಿಗೆ ಹಿಡಿಯಲು ಒಬ್ಬ, ಸಡ್ಡೆ ಬಿಡಲು ಇನ್ನೊಬ್ಬ ಬೇಕಿತ್ತು. ಈಗ ಯಂತ್ರ ಬರುತ್ತದೆ, ಗಂಟೆಗೆ ಇಷ್ಟು ಎಂದು ಬಾಡಿಗೆ ತೆಗೆದುಕೊಂಡು ಹೋಗುತ್ತದೆ. ಯಂತ್ರವನ್ನು ನಾನು ದೂರುವುದಿಲ್ಲ, ಅದು ಹೆಂಗಸರ ಬೆನ್ನು ಉಳಿಸಿದೆ. ಆದರೆ ಅದು ಬಂದ ಮೇಲೆ ಒಬ್ಬರ ಅಗತ್ಯ ಇನ್ನೊಬ್ಬರಿಗೆ ಕಡಿಮೆಯಾಯಿತು ಎಂಬುದೂ ಅಷ್ಟೇ ನಿಜ.

ಬಿದ್ದ ಮರ

2022ರ ಮಳೆಗಾಲ ನಿಮಗೆಲ್ಲ ನೆನಪಿರಬೇಕು. ಜಿಲ್ಲೆಯ ಅನೇಕ ಕೆರೆಗಳು ಆ ವರ್ಷ ಕೋಡಿ ಬಿದ್ದವು. ನಾನು ಹೇಳುತ್ತಿರುವ ಊರಿನ ಗುಂಡುತೋಪಿನಲ್ಲಿ ಒಂದು ಹಳೆಯ ಮಾವಿನ ಮರ ಆ ಮಳೆಗೆ ಬೇರುಸಹಿತ ಬಿತ್ತು. ಗುಂಡುತೋಪಿನ ಬಗ್ಗೆ ಹಿರಿಯರಿಗೆ ಹೇಳಬೇಕಾಗಿಲ್ಲ. ಕಿರಿಯರಿಗಾಗಿ ಒಂದು ಮಾತು. ನಮ್ಮ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಎಲ್ಲರಿಗೂ ಸೇರಿದಂತೆ ಒಂದು ತೋಪು ಇರುತ್ತಿತ್ತು. ಮಾವು, ಹುಣಿಸೆ, ನೇರಳೆ, ಇಪ್ಪೆ, ಹೊಂಗೆ ಮರಗಳು. ಜಾತ್ರೆಗೆ ಬಂದವರು ಅಲ್ಲಿ ಗಾಡಿ ಬಿಡುತ್ತಿದ್ದರು, ದನಗಳು ಮಧ್ಯಾಹ್ನ ಮಲಗುತ್ತಿದ್ದವು, ಊರಿನ ಕೆಲಸಕ್ಕೆ ಮರ ಬೇಕಾದರೆ ಅಲ್ಲಿಂದ ತರುತ್ತಿದ್ದರು. ಇಂದು ಅನೇಕ ಊರುಗಳಲ್ಲಿ ತೋಪಿನ ಹೆಸರು ಮಾತ್ರ ಉಳಿದಿದೆ. ಜಾಗ ಒತ್ತುವರಿಯಾಗಿದೆ, ಇಲ್ಲವೇ ಕಟ್ಟಡವೆದ್ದಿದೆ.

ಬಿದ್ದ ಮರಕ್ಕೆ ತುಮಕೂರು ನಗರದಿಂದ ಒಬ್ಬ ವ್ಯಾಪಾರಿ ಬಂದು ಒಂಬತ್ತು ಸಾವಿರ ರೂಪಾಯಿ ಹೇಳಿದರು. ಮಾವಿನ ಹಲಗೆ ಪೆಟ್ಟಿಗೆ ಮಾಡಲು, ಉಳಿದದ್ದು ಸೌದೆಗೆ. ಊರಿನವರು ಒಪ್ಪುವವರಿದ್ದರು. ಅಂದು ಬೆಳೆ ಸಮೀಕ್ಷೆಗೆ ಹೋಗಿದ್ದ ನಾನು ಆ ದಿಮ್ಮಿಯನ್ನು ನೋಡಿದೆ. ಹದಿನೆಂಟು ಅಡಿ ನೇರ ಕಾಂಡ, ಬುಡದಲ್ಲಿ ಇಬ್ಬರು ತಬ್ಬುವ ಗಾತ್ರ. "ಇದರಲ್ಲಿ ಒಂದು ದೋಣಿ ಇದೆ" ಎಂದೆ. ನಕ್ಕರು. ನಗುವುದು ಸಹಜವೇ. ಆದರೆ ನಾನು ತಮಾಷೆಗೆ ಹೇಳಿರಲಿಲ್ಲ.

ಕರಾವಳಿಯಲ್ಲಿ ಕಂಡದ್ದು

ನೌಕರಿಯ ಮೊದಲ ವರ್ಷಗಳನ್ನು ನಾನು ಉತ್ತರ ಕನ್ನಡದ ಕುಮಟಾ ಕಡೆ ಕಳೆದೆ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಗಜನಿ ಎಂಬ ತಗ್ಗು ಗದ್ದೆಗಳಿವೆ. ಉಬ್ಬರದ ಉಪ್ಪುನೀರು ಅಲ್ಲಿಗೆ ಬರುತ್ತದೆ. ಮಾಣಿಕಟ್ಟೆ ಮೊದಲಾದ ಊರುಗಳ ರೈತರು ಅಂಥ ನೆಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನು ತಾಳುವ ತಳಿ ಅದು. ಕಟ್ಟೆ ಒಡೆದರೆ ಒಬ್ಬನ ಗದ್ದೆಯಲ್ಲ, ಎಲ್ಲರ ಗದ್ದೆಯೂ ಹೋಗುತ್ತದೆ. ಆದುದರಿಂದ ಅಲ್ಲಿ ಕೃಷಿಯೇ ಕೂಡಿ ಮಾಡುವ ಕೆಲಸ. ಅದೇ ಅಳಿವೆಯಲ್ಲಿ ಹೆಂಗಸರು ಬಳಚು ಹೆಕ್ಕುತ್ತಾರೆ, ಗಂಡಸರು ಬಲೆ ಬೀಸುತ್ತಾರೆ. ಇದಕ್ಕೆಲ್ಲ ಬಳಕೆಯಲ್ಲಿದ್ದುದು ಪಾತಿ ಎಂಬ ಸಣ್ಣ ದೋಣಿ. ಹಳೆಯ ಪಾತಿ ಎಂದರೆ ಒಂದೇ ಮರದ ಕಾಂಡವನ್ನು ತೋಡಿ ಮಾಡಿದ್ದು. ಮೊಳೆ ಇಲ್ಲ, ಜೋಡಣೆ ಇಲ್ಲ. ಹೆಚ್ಚಾಗಿ ಮಾವು, ಸಿಕ್ಕಿದರೆ ಹೆಬ್ಬಲಸು.

ಈ ವಿದ್ಯೆ ಇಂದಿನದಲ್ಲ. ಕೇರಳದ ಪಟ್ಟಣಂ ಎಂಬಲ್ಲಿ 2007ರಲ್ಲಿ ನೆಲ ಅಗೆದಾಗ ಸುಮಾರು ಎರಡು ಸಾವಿರ ವರ್ಷ ಹಿಂದಿನ ಒಂಟಿಮರದ ದೋಣಿಯೊಂದು ಸಿಕ್ಕಿತು. ಉದ್ದ ಸುಮಾರು 6 ಮೀಟರ್, ಮರ ಹೆಬ್ಬಲಸು. ಅಂದು ಯಾವ ಮರವನ್ನು ಆರಿಸಿದ್ದರೋ ಅದನ್ನೇ ನಮ್ಮ ಕರಾವಳಿಯವರು ಮೊನ್ನೆ ಮೊನ್ನೆಯವರೆಗೂ ಆರಿಸುತ್ತಿದ್ದರು. ಈಗ ಕರಾವಳಿಯಲ್ಲೂ ಫೈಬರ್ ದೋಣಿ ಹೆಚ್ಚಿದೆ. ಅಷ್ಟು ದಪ್ಪದ ಮರ ಸಿಗುವುದಿಲ್ಲ, ಸಿಕ್ಕಿದರೂ ತೋಡುವ ಕೈ ಸಿಗುವುದಿಲ್ಲ.

ಅಲ್ಲಿದ್ದಾಗ ಒಂದು ಪಾತಿ ತೋಡುವುದನ್ನು ನಾನು ಆರಂಭದಿಂದ ಕಡೆಯವರೆಗೆ ನೋಡಿದ್ದೆ. ನನ್ನ ಬಳಿ ಇದ್ದ ಬಂಡವಾಳ ಅಷ್ಟೇ. ಗುಬ್ಬಿಯ ಊರಿನಲ್ಲಿ ಇದನ್ನು ಹೇಳಿದಾಗ ಹಿರಿಯ ಆಚಾರಿಯೊಬ್ಬರು ದಿಮ್ಮಿಯನ್ನು ಬೆರಳಿನಿಂದ ತಟ್ಟಿ, "ಒರಳು ತೋಡಿದೀನಿ, ಕೂರಿಗೆ ಬಟ್ಟಲು ತೋಡಿದೀನಿ. ಇದು ಸ್ವಲ್ಪ ಉದ್ದ, ಅಷ್ಟೇ ತಾನೇ ಸ್ವಾಮಿ?" ಎಂದರು. ಟ್ರ್ಯಾಕ್ಟರಿನ ಕೂರಿಗೆ ಬಂದ ಮೇಲೆ ಹತ್ತು ವರ್ಷದಿಂದ ಅವರ ಬಾಚಿಗೆ ಕೆಲಸವಿರಲಿಲ್ಲ. ಒಂಬತ್ತು ಸಾವಿರ ರೂಪಾಯಿ ಬೇಡ, ಮರ ಊರಿನಲ್ಲೇ ಇರಲಿ ಎಂದು ಕೊನೆಗೆ ತೀರ್ಮಾನವಾಯಿತು. ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಅರಣ್ಯ ಇಲಾಖೆಯ ಒಪ್ಪಿಗೆಯನ್ನೂ ಪಡೆದೆವು.

ತೋಡಿದ ಬಗೆ

ಕೆಲಸಕ್ಕೆ ಸೋಮವಾರವನ್ನು ಗೊತ್ತು ಮಾಡಿದೆವು. ಅಂದು ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲವಷ್ಟೆ. 2022ರ ದೀಪಾವಳಿ ಕಳೆದ ಮೇಲೆ ಆರಂಭಿಸಿದೆವು. ರಾಗಿ ಕೊಯ್ಲಿಗೆಂದು ಎರಡು ಸೋಮವಾರ ಬಿಟ್ಟೆವು. ಒಟ್ಟು ಹದಿನಾಲ್ಕು ಸೋಮವಾರ, ಬೆಳಗಿನ ಹೊತ್ತು ಮಾತ್ರ.

ಮೊದಲ ತಪ್ಪು ನನ್ನದೇ. ಒಪ್ಪಿಗೆ ಬರುವವರೆಗೆ ದಿಮ್ಮಿಯನ್ನು ಬಿಸಿಲಿನಲ್ಲಿ ಬಿಡಲು ಹೇಳಿದ್ದೆ. ಒಂದು ತುದಿ ಎರಡಡಿ ಸೀಳಿತು. ಅದನ್ನು ಕತ್ತರಿಸಿ ತೆಗೆಯಬೇಕಾಯಿತು, ಹದಿನೆಂಟು ಅಡಿಯ ದೋಣಿ ಹದಿನಾರಕ್ಕೆ ಬಂತು. ಹಸಿ ಮರವನ್ನು ನೆರಳಿನಲ್ಲೇ ಇಡಬೇಕು, ಎರಡು ತುದಿಗೂ ಸಗಣಿ ಕಲಸಿದ ಮಣ್ಣು ಮೆತ್ತಿ ಒದ್ದೆ ಗೋಣಿ ಹೊದಿಸಬೇಕು. ತುದಿ ಬೇಗ ಒಣಗಿ ನಡುಭಾಗ ಹಸಿಯಾಗಿ ಉಳಿದರೆ ಮರ ಸೀಳದೆ ಇರದು. ಇದು ದೋಣಿಗೆ ಮಾತ್ರವಲ್ಲ, ನೀವು ಬಾಗಿಲಿಗೆ, ಗಾಡಿಗೆ ಮರ ಕಡಿಸಿದಾಗಲೂ ನೆನಪಿಡಬೇಕಾದ ಮಾತು.

ತೊಗಟೆ ತೆಗೆದ ಮೇಲೆ ಮಸಿ ಹಚ್ಚಿದ ನೂಲು ಹೊಡೆದು ನಡುಗೆರೆ ಹಾಕಿದರು. ಮೊದಲು ಹೊರಮೈ. ಕೊಡಲಿಯಿಂದ ಒರಟಾಗಿ, ಆಮೇಲೆ ಬಾಚಿಯಿಂದ ನಯವಾಗಿ ದೋಣಿಯ ಹೊಟ್ಟೆಯನ್ನು ರೂಪಿಸಿದರು. ಹೊರಮೈ ಮುಗಿದ ಮೇಲೆಯೇ ಒಳಗೆ ಕೈಹಾಕಬೇಕು. ಒಳಗೆ ತೋಡುವಾಗ ಎಷ್ಟು ದಪ್ಪ ಉಳಿದಿದೆ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಹಳೆಯ ಉಪಾಯವಿದೆ. ಹೊರಗಿನಿಂದ ಅಡಿಗೊಂದರಂತೆ ಬೈರಿಗೆಯಲ್ಲಿ ಒಂದೂವರೆ ಅಂಗುಲ ಆಳದ ತೂತು ಕೊರೆದು, ಮಸಿ ಹಚ್ಚಿದ ಸಣ್ಣ ಬೆಣೆಗಳನ್ನು ಬಿಗಿಯಾಗಿ ಹೊಡೆಯುತ್ತಾರೆ. ಒಳಗಿನಿಂದ ತೋಡುತ್ತ ಬಂದಾಗ ಕಪ್ಪು ಚುಕ್ಕೆ ಕಂಡಿತೆಂದರೆ ಅಲ್ಲಿ ನಿಲ್ಲಿಸಬೇಕು. ಬೆಣೆಗಳು ಅಲ್ಲೇ ಉಳಿಯುತ್ತವೆ. ನೀರಿಗೆ ಬಿದ್ದ ಮೇಲೆ ಉಬ್ಬಿ ತೂತನ್ನು ಮುಚ್ಚಿಕೊಳ್ಳುತ್ತವೆ.

ಇಲ್ಲಿ ಒಬ್ಬರ ವಿಷಯ ಹೇಳಬೇಕು. ಆ ಊರಿನಲ್ಲಿ ಮೂವತ್ತೈದರ ಒಬ್ಬ ರೈತನಿದ್ದ. ಮೂರು ಕೊಳವೆ ಬಾವಿ ಕೊರೆಸಿದ್ದ, ಕಡೆಯದು ಒಂಬೈನೂರು ಅಡಿ. ನೀರು ಸಿಗದೆ ಅಡಿಕೆ ತೋಟದ ಅರ್ಧ ಒಣಗಿತ್ತು. ಹಿಂದಿನ ಬೇಸಿಗೆಯಲ್ಲೇ ಅವನ ತಾಯಿ ನನ್ನ ಬಳಿ ಬಂದಿದ್ದರು. "ಸಾರ್, ಹುಡುಗ ಯಾರ ಜೊತೆಗೂ ಮಾತಾಡ್ತಿಲ್ಲ. ಉಣ್ಣಕ್ಕೂ ಕರೀಬೇಕು. ನೀವಾದ್ರೂ ಒಂದು ಮಾತು ಹೇಳಿ" ಎಂದಿದ್ದರು. ಹದಿನೈದು ವರ್ಷ ಹಿಂದಿನ ಅಂಗಳ ನನ್ನ ಕಣ್ಣಮುಂದೆ ಬಂತು. ಈ ಸಲ ಮುಂದಿನ ವಾರ ಎನ್ನಲಿಲ್ಲ, ಅಂದೇ ಅವರ ಮನೆಗೆ ಹೋದೆ. ಒಂದು ಗಂಟೆ ಮಾತಾಡಿದೆ. ಅವನು ನೆಲ ನೋಡುತ್ತ ಕುಳಿತಿದ್ದ. ಆಮೇಲೂ ಎರಡು ಸಲ ಹೋದೆ. ನನ್ನ ಮಾತು ಅವನಿಗೆ ತಲುಪಲಿಲ್ಲ.

ಬೆಣೆ ಹೊಡೆಯುವ ಕೆಲಸ ಬಂದಾಗ ಆಚಾರಿಯವರ ಬೈರಿಗೆ ಮುರಿಯಿತು. ಆ ಹುಡುಗನ ತಂದೆಯದೊಂದು ಹಳೆಯ ಬೈರಿಗೆ ಅವರ ಮನೆಯ ಅಟ್ಟದಲ್ಲಿದೆ ಎಂದು ಆಚಾರಿಯವರಿಗೆ ನೆನಪಿತ್ತು. ಹೇಳಿ ಕಳಿಸಿದರು. ಅವನೇ ತಂದುಕೊಟ್ಟ. ಕೊಟ್ಟು ಹೊರಡುವವನಿಗೆ, "ಹಿಡ್ಕೋ ಮಗ, ನನ್ನ ಕೈ ನಡುಗುತ್ತೆ. ಒಂದೂವರೆ ಅಂಗುಲ, ಒಂದು ನೂಲೂ ಹೆಚ್ಚಾಗಬಾರದು" ಎಂದರು. ಅವನು ಕುಳಿತು ನಾಲ್ಕು ತೂತು ಕೊರೆದ. ಯಾರೂ ಅವನಿಗೆ ಸಮಾಧಾನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಮುಂದಿನ ಸೋಮವಾರ ನಾನು ಹೋಗುವ ಹೊತ್ತಿಗೆ ಅವನು ನಮಗಿಂತ ಮೊದಲೇ ಬಂದು ಬೆಣೆ ಸೀಳುತ್ತ ಕುಳಿತಿದ್ದ.

ಎಷ್ಟೋ ದಿನಗಳ ಮೇಲೆ ನಾನು ಕೇಳಿದೆ, ನಾನು ಮೂರು ಸಲ ಮನೆಗೆ ಬಂದು ಕರೆದೆ, ಬರಲಿಲ್ಲ, ಒಂದು ಬೈರಿಗೆಗೆ ಬಂದೆಯಲ್ಲ ಎಂದು. ಅವನು ಹೇಳಿದ್ದು ಇಷ್ಟೇ: "ನೀವು ನನಗೇನೋ ಕೊಡಕ್ಕೆ ಬಂದಿದ್ರಿ ಸಾರ್. ಅವರು ನನ್ನ ಹತ್ರ ಇದ್ದದ್ದನ್ನ ಕೇಳಿದ್ರು. ಸೋಮವಾರ ನಾನು ಹೋಗದಿದ್ರೆ ಬೆಣೆ ಹೊಡೆಯೋರು ಯಾರೂ ಇರಲಿಲ್ಲ."

ರೈತ ಬಾಂಧವರೇ, ನಾನು ಕಲಿತೆನೆಂದು ಮೊದಲಿಗೆ ಹೇಳಿದ ಮಾತು ಇದೇ. ಇಪ್ಪತ್ತು ವರ್ಷ ನಾನು ಕೊಡುವವನಾಗಿಯೇ ಊರುಗಳಿಗೆ ಹೋಗಿದ್ದೆ. ಬೀಜ ಕೊಡುವುದು, ಸಹಾಯಧನದ ಅರ್ಜಿ ಕೊಡುವುದು, ಸಲಹೆ ಕೊಡುವುದು. ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ಕೊಡುವುದೆಲ್ಲ ಒಬ್ಬೊಬ್ಬರ ಹೆಸರಿಗೆ, ಒಬ್ಬೊಬ್ಬರ ಖಾತೆಗೆ. ತೆಗೆದುಕೊಂಡವನು ಇನ್ನೊಬ್ಬನ ಮುಖ ನೋಡಬೇಕಾಗಿಲ್ಲ. ಮನುಷ್ಯನಿಗೆ ಸಹಾಯ ಸಿಕ್ಕರೆ ಸಾಲದು, ತನ್ನ ಸಹಾಯ ಯಾರಿಗೋ ಬೇಕಾಗಿದೆ ಎಂಬುದೂ ತಿಳಿಯಬೇಕು.

ಕೆರೆಗೆ ಇಳಿದ ದಿನ

ಒಳಗೆ ತೋಡುವುದು ಬೇಸರದ ಕೆಲಸ. ಉಳಿ, ಕೊಡತಿ, ಬಾಚಿ. ಒಬ್ಬ ಅರ್ಧ ಗಂಟೆ ಮಾಡಿದರೆ ಇನ್ನೊಬ್ಬ. 2020ರಲ್ಲಿ ಬೆಂಗಳೂರಿನ ಕಾರ್ಖಾನೆಯ ಕೆಲಸ ಹೋಗಿ ಊರಿಗೆ ಮರಳಿದ್ದ ಇಬ್ಬರು ಹುಡುಗರು ಬಾಚಿ ಹಿಡಿಯಲು ಕಲಿತರು. ಚಕ್ಕೆಯನ್ನೆಲ್ಲ ಮನೆಮನೆಗೆ ಒಲೆಗೆ ಹಂಚಿದೆವು. ಹೊಟ್ಟೆ ಮುಗಿದ ಮೇಲೆ ದೋಣಿಗೆ ನೀರು ತುಂಬಿ, ಕಾದ ಕಲ್ಲುಗಳನ್ನು ಹಾಕಿ ಕುದಿಸಿ, ಮೆತ್ತಗಾದಾಗ ಅಡ್ಡಗಂಬ ಕೊಟ್ಟು ಬಾಯನ್ನು ಸ್ವಲ್ಪ ಅಗಲಿಸಿದೆವು. ಇದು ಅಪಾಯದ ಹಂತ. ಅವಸರ ಮಾಡಿದರೆ ದೋಣಿ ಬುಡದಲ್ಲೇ ಸೀಳುತ್ತದೆ. ಆಮೇಲೆ ಗೇರು ಸಿಪ್ಪೆಯ ಎಣ್ಣೆಯನ್ನು ಎರಡು ಕೋಟು ಹಚ್ಚಿದೆವು. ಕೈಗೆ ತಾಗಿದರೆ ಸುಡುವ ಎಣ್ಣೆ ಅದು. ಕೋಲಿಗೆ ಬಟ್ಟೆ ಸುತ್ತಿ ಹಚ್ಚಬೇಕು. ಹುಳ ಬೀಳದಂತೆ, ನೀರು ಹೀರದಂತೆ ಅದು ಕಾಯುತ್ತದೆ.

2023ರ ಶಿವರಾತ್ರಿಗೆ ಮುಂಚೆ ಒಂದು ದಿನ ಉರುಳೆಗಳ ಮೇಲೆ ಎಳೆದು ಕೆರೆಗೆ ಇಳಿಸಿದೆವು. ಊರೆಲ್ಲ ಏರಿಯ ಮೇಲಿತ್ತು. ದೋಣಿ ಎಡಕ್ಕೆ ವಾಲಿತು, ಹತ್ತಿದ ಇಬ್ಬರು ನೀರಿಗೆ ಬಿದ್ದರು. ನಗೆಯೋ ನಗೆ. ಆಗ ಮುಂದೆ ಬಂದವರು ಕೆರೆಯಾಚೆಯ ಕೇರಿಯ ಮೀನುಗಾರರು. ಅದುವರೆಗೆ ಅವರನ್ನು ನಾವು ಕರೆದಿರಲೇ ಇಲ್ಲ. ನೀರಿನ ಮೇಲೆ ಬದುಕುವವರನ್ನು ಬಿಟ್ಟು ದೋಣಿ ಮಾಡಲು ಹೊರಟಿದ್ದೆವು. ಅವರಲ್ಲಿ ಹಿರಿಯರೊಬ್ಬರು ದೋಣಿಯನ್ನು ಎರಡು ಸಲ ಅಲುಗಿಸಿ ನೋಡಿ, ನೀರು ಮುಟ್ಟಿದ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು, "ಎಡಗಡೆ ಭಾರ ಹೆಚ್ಚು. ಇಲ್ಲಿಂದ ಇಲ್ಲಿಗೆ ಕಾಲು ಅಂಗುಲ ತೆಗೀರಿ" ಎಂದರು. ಅವರು ಹೇಳಿದಂತೆ ಮತ್ತೆರಡು ಬೆಳಿಗ್ಗೆ ಒಳಗಿನಿಂದ ಸವರಿದೆವು. ಶಿವರಾತ್ರಿಯ ನಂತರದ ಸೋಮವಾರ ದೋಣಿ ನೆಟ್ಟಗೆ ನಿಂತಿತು. ಊರಿನ ಕೆಲಸಕ್ಕೆ ಆ ಕೇರಿಯವರನ್ನು ಕೂಲಿಗಲ್ಲದೆ, ತಿಳಿದವರೆಂದು ಕರೆದದ್ದು ತಮ್ಮ ನೆನಪಿನಲ್ಲಿ ಅದೇ ಮೊದಲು ಎಂದು ಅವರು ಹೇಳಿದರು. ಈ ಮಾತನ್ನು ನಾನು ಮರೆತಿಲ್ಲ, ನೀವೂ ಮರೆಯಬೇಡಿ.

ದೂರದ ಊರುಗಳ ಮಾತು

ಈ ಅನುಭವ ನಮಗೆ ಮಾತ್ರ ಆದದ್ದಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಕೆಂಪು ಸೀಡರ್ ಮರವನ್ನು ತೋಡಿ ದೋಣಿ ಮಾಡುವ ತಮ್ಮ ವಿದ್ಯೆಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದರು. ಕುಡಿತ, ನಿರುದ್ಯೋಗ ಅವರ ಯುವಕರನ್ನು ಹಾಳು ಮಾಡಿದ್ದವು. 1989ರಲ್ಲಿ ವಾಷಿಂಗ್ಟನ್ ರಾಜ್ಯದ ನೂರನೆಯ ವರ್ಷದ ಸಂದರ್ಭದಲ್ಲಿ ಹಲವು ಬುಡಕಟ್ಟುಗಳು ಮತ್ತೆ ಮರ ತೋಡಿ, ಸಿಯಾಟಲ್ ನಗರದವರೆಗೆ ತಾವೇ ಹುಟ್ಟು ಹಾಕಿಕೊಂಡು ಬಂದವು. ಅಲ್ಲಿಂದೀಚೆಗೆ ಅಂಥ ಯಾತ್ರೆಗಳು ಬೆಳೆದವು. ದೋಣಿ ಹತ್ತುವವರು ಹೆಂಡ, ಮಾದಕ ವಸ್ತು ಮುಟ್ಟುವಂತಿಲ್ಲ ಎಂಬುದು ಅವರ ಕಟ್ಟಳೆ.

ಹವಾಯಿ ದ್ವೀಪದ ಕಥೆ ನಮಗೆ ಇನ್ನೂ ಹತ್ತಿರದ್ದು. 1990ರ ಸುಮಾರಿಗೆ ಅಲ್ಲಿನವರು ತಮ್ಮ ಹಿರಿಯರಂತೆ ಕೋಆ ಎಂಬ ಮರದಲ್ಲಿ ದೊಡ್ಡ ಜೋಡಿ ದೋಣಿ ಮಾಡಬೇಕೆಂದು ಹೊರಟರು. ತಿಂಗಳುಗಟ್ಟಲೆ ಕಾಡು ಅಲೆದರೂ ಸಾಕಷ್ಟು ಗಾತ್ರದ ಒಂದು ಗಟ್ಟಿ ಮರ ಸಿಗಲಿಲ್ಲ. ಕೊನೆಗೆ ದೂರದ ಅಲಾಸ್ಕದ ಮೂಲನಿವಾಸಿಗಳು ತಮ್ಮ ಕಾಡಿನಿಂದ ಸುಮಾರು 400 ವರ್ಷ ವಯಸ್ಸಿನ ಎರಡು ಸ್ಪ್ರೂಸ್ ಮರಗಳನ್ನು ಕೊಟ್ಟರು. 1993ರಲ್ಲಿ ದೋಣಿ ನೀರಿಗಿಳಿಯಿತು. ಆದರೆ ಆ ಜನ ಅಷ್ಟಕ್ಕೇ ನಿಲ್ಲದೆ ಕೋಆ ಸಸಿಗಳನ್ನು ನೆಡಲು ತೊಡಗಿದರು. ಇಂದು ನೆಟ್ಟದ್ದು ದೋಣಿಯಾಗುವ ಹೊತ್ತಿಗೆ ನೆಟ್ಟವರು ಇರುವುದಿಲ್ಲ ಎಂದು ತಿಳಿದೇ ನೆಟ್ಟರು.

ಲೆಕ್ಕದಲ್ಲಿ ನಷ್ಟವೇ

ನಿಮ್ಮಲ್ಲಿ ಲೆಕ್ಕ ಬಲ್ಲವರು ಕೇಳುವ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತೇನೆ. ಹದಿನಾಲ್ಕು ಸೋಮವಾರ, ದಿನಕ್ಕೆ ಸರಾಸರಿ 12 ಜನ, ಅರ್ಧ ದಿನದ ಕೆಲಸ. ಒಟ್ಟು 84 ಆಳು. ಆಳಿಗೆ 400 ರೂಪಾಯಿ ಎಂದಿಟ್ಟುಕೊಂಡರೆ 33,600 ರೂಪಾಯಿ. ಮರದ ಬೆಲೆ 9,000 ಸೇರಿಸಿ. ಇದಕ್ಕಿಂತ ಕಡಿಮೆಗೆ ಫೈಬರ್ ಹರಿಗೋಲು ಸಿಗುತ್ತದೆ, ಹಗುರವಾಗಿಯೂ ಇರುತ್ತದೆ. ದೋಣಿಯಿಂದ ಲಾಭವಾಯಿತು ಎಂದು ನಾನು ಹೇಳುವುದಿಲ್ಲ.

ಉಪಯೋಗವಂತೂ ಇದೆ. ಮೀನುಗಾರರು ಬಲೆ ಹಾಕಲು ಒಯ್ಯುತ್ತಾರೆ. ಕೆರೆಯ ಅಂತರಗಂಗೆಯನ್ನು ದೋಣಿಯಲ್ಲಿ ತುಂಬಿ ದಡಕ್ಕೆ ತಂದು ತಿಪ್ಪೆಗೆ ಹಾಕುತ್ತಾರೆ. ಕೆರೆ ತುಂಬಿದಾಗ ತೂಬಿನ ಬಳಿಗೆ ಹೋಗಿ ಸಿಕ್ಕಿದ ಕಸ ತೆಗೆಯಬಹುದು. ಹಿಂದೆ ನೀರುಗಂಟಿ ಈಜಿ ಹೋಗಿ ಪ್ರಾಣ ಒತ್ತೆಯಿಟ್ಟು ಮಾಡುತ್ತಿದ್ದ ಕೆಲಸ ಅದು. ಈಗ ಅದನ್ನು ನೋಡಿಕೊಳ್ಳುತ್ತಿರುವವನು ಬೈರಿಗೆ ತಂದುಕೊಟ್ಟ ಆ ಹುಡುಗನೇ. ಅವನ ಸಾಲ ತೀರಿಲ್ಲ, ಅದನ್ನೂ ಹೇಳಬೇಕು. ಒಣಗಿದ ತೋಟದ ಜಾಗದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ ಹಾಕಿದ್ದಾನೆ, ಬದುವಿನಲ್ಲಿ ಹಲಸು ನೆಟ್ಟಿದ್ದಾನೆ. ನಾಲ್ಕನೆಯ ಕೊಳವೆ ಬಾವಿ ಕೊರೆಸಲಿಲ್ಲ. ಬೆಳಿಗ್ಗೆ ಎದ್ದು ಕೆರೆಯ ಕಡೆ ಹೋಗುತ್ತಾನೆ. ಅವನ ತಾಯಿ ಈಗ ನನ್ನ ಬಳಿ ಬರುವುದು ಅವರೆ ಬೀಜಕ್ಕೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮನಸ್ಸು ಕುಗ್ಗಿದವರಿಗೆಲ್ಲ ಮರ ಕೆತ್ತುವುದೇ ಮದ್ದು ಎಂದು ಯಾರೂ ತಿಳಿಯಬಾರದು. ನಿದ್ದೆ, ಊಟ ಬಿಟ್ಟವರು, ಬದುಕು ಸಾಕೆನ್ನುವವರು ನಿಮ್ಮ ಮನೆಯಲ್ಲಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ವಾಚನಾಲಯದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ನಾಚಿಕೆಪಡುವ ವಿಷಯವಲ್ಲ ಇದು.

ನೀವು ಮಾಡಬಹುದಾದುದು

ಎಲ್ಲ ಊರಿನಲ್ಲೂ ದೋಣಿ ತೋಡಿ ಎಂದು ನಾನು ಹೇಳುತ್ತಿಲ್ಲ. ನಿಂತ ಮರ ಕಡಿಯಿರಿ ಎಂದಂತೂ ಖಂಡಿತ ಹೇಳುತ್ತಿಲ್ಲ. ಆದರೆ ಊರಿನ ಮರ ಗಾಳಿ ಮಳೆಗೆ ಬಿದ್ದಾಗ ಅಂದೇ ವ್ಯಾಪಾರಿಯನ್ನು ಕರೆಯಬೇಡಿ. ಒಂದು ವಾರ ನೆರಳು ಮಾಡಿ ಇರಿಸಿ. ಊರು ಸೇರಿ ಯೋಚಿಸಿ. ಕೆರೆಯಲ್ಲಿ ನೀರು ನಿಲ್ಲುವ ಊರಾದರೆ ದೋಣಿ. ಇಲ್ಲದಿದ್ದರೆ ದನಗಳಿಗೆ ನೀರು ಕುಡಿಯುವ ದೋಣಿ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು ಸುಮ್ಮನೆ ಬಂದಿಲ್ಲ. ತೋಡುವ ಕೆಲಸ ಒಂದೇ. ಶಾಲೆಗೆ ಬೆಂಚು, ತೇರಿಗೆ ಗಾಲಿಯ ಮರ, ಏನಾದರೂ ಆಗಲಿ. ಮೂರು ಮಾತು ಮರೆಯಬೇಡಿ. ಒಪ್ಪಿಗೆ ಪಡೆದೇ ಕೈಹಾಕಿ. ಗೊತ್ತಿರುವ ಹಿರಿಯ ಕೈಯನ್ನು ಮುಂದೆ ಕೂರಿಸಿ, ಅವರು ಯಾವ ಕೇರಿಯವರಾದರೂ ಸರಿ. ಕೆಲಸವನ್ನು ಗುತ್ತಿಗೆಗೆ ಕೊಡಬೇಡಿ. ಗುತ್ತಿಗೆಗೆ ಕೊಟ್ಟರೆ ವಸ್ತು ಬರುತ್ತದೆ, ಊರು ಕೂಡುವುದಿಲ್ಲ. ದೋಣಿ ಮಾಡಿದರೆ ತೇಲುವ ಜಾಕೆಟ್ಟಿಲ್ಲದೆ ಯಾರೂ ಹತ್ತಬಾರದು, ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ನಮ್ಮ ಕೆರೆಗಳಲ್ಲಿ ಹೂಳು, ಗುಂಡಿ ಎಲ್ಲಿದೆಯೆಂದು ಹೇಳಲಾಗದು.

ಮನೆಯಲ್ಲಿ ಸುಮ್ಮನೆ ಕುಳಿತವರು ಯಾರಾದರೂ ಇದ್ದರೆ ಅವರಿಗೆ ಉಪದೇಶ ಹೇಳಲು ಹೋಗಬೇಡಿ. ಅವರಿಂದ ಏನಾದರೂ ಕೇಳಲು ಹೋಗಿ. ಒಂದು ಹಗ್ಗ, ಒಂದು ಹಾರೆ, ಒಂದು ಗಂಟೆಯ ದುಡಿಮೆ.

ಎಲ್ಲಕ್ಕಿಂತ ಮುಖ್ಯವಾದುದು ಸಸಿ. ನಾವು ತೋಡಿದ ಮರವನ್ನು ಯಾರು ನೆಟ್ಟರೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಹೆಸರಿಲ್ಲದ ಆ ಮನುಷ್ಯ ನಮಗೆ ಹದಿನಾಲ್ಕು ಸೋಮವಾರ ಕೊಟ್ಟುಹೋದ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಬ್ಬರು ನೆಟ್ಟ ಹಲಸಿನ ಮರವೊಂದರ ಕೆಂಪು ತೊಳೆಯನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ನೆಟ್ಟವರ ಹೆಸರಿನಲ್ಲೇ 'ಸಿದ್ದು' ತಳಿ ಎಂದು ಕರೆದು ಕಸಿ ಗಿಡಗಳನ್ನು ಹಂಚಿದ್ದು ನಿಮಗೆ ತಿಳಿದೇ ಇದೆ. ಅದರ ಫಲ ನೆಟ್ಟವರ ಮಕ್ಕಳಿಗೆ, ಅವರ ಮೂಲಕ ನಮಗೆಲ್ಲ ಸಿಕ್ಕಿತು.

ಈಗ ನಾನಿರುವುದು ಕುಣಿಗಲ್ ತಾಲ್ಲೂಕಿನಲ್ಲಿ. ಕುಣಿಗಲ್ ದೊಡ್ಡಕೆರೆಯ ಹಾಡನ್ನು ಕೇಳದ ಕನ್ನಡಿಗರಿಲ್ಲ. ಅಂಥ ಕೆರೆಯ ತಾಲ್ಲೂಕಿನಲ್ಲೂ ನಾನು ನೋಡಿದ ತೋಪುಗಳಲ್ಲಿ ದೋಣಿಗಾಗುವ ಒಂದು ಮರ ನನ್ನ ಕಣ್ಣಿಗೆ ಬಿದ್ದಿಲ್ಲ. ಆದುದರಿಂದ ಇಲ್ಲಿ ದೋಣಿ ತೋಡಿಲ್ಲ. ಒಂದು ಊರಿನಲ್ಲಿ ತೋಪಿನ ಗಡಿ ಅಳೆಸಿ, ಕಳೆದ ಮುಂಗಾರಿನಲ್ಲಿ ಮಾವು, ಹಲಸು, ನೇರಳೆ, ಇಪ್ಪೆ ಸೇರಿ ಅರವತ್ತು ಸಸಿ ನೆಟ್ಟಿದ್ದೇವೆ. ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ಮೂರು ಬೇಸಿಗೆ ನೀರು, ಮುಳ್ಳಿನ ಬೇಲಿ. ಒಂದೊಂದು ಸಸಿಗೆ ಒಂದೊಂದು ಮನೆ ಹೊಣೆ. ನಲವತ್ತೊಂದು ಉಳಿದಿವೆ, ಸತ್ತ ಜಾಗಕ್ಕೆ ಈ ಮಳೆಗೆ ಮತ್ತೆ ನೆಡುತ್ತೇವೆ.

ನೀರು ಹಾಕಲು ಬರುವವರಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿ ಇದ್ದಾಳೆ. ಈ ಗಿಡ ದೋಣಿಯಾಗಲು ಎಷ್ಟು ವರ್ಷ ಬೇಕು ಸಾರ್ ಎಂದು ಕೇಳಿದಳು. ಅರವತ್ತು ಎಪ್ಪತ್ತು ವರ್ಷವಾದರೂ ಬೇಕಮ್ಮ ಎಂದೆ. ಬೆರಳಲ್ಲಿ ಎಣಿಸಿ, "ಹಂಗಾದ್ರೆ ನಾನಿರ್ತೀನಿ" ಎಂದು ಕೊಡ ಎತ್ತಿಕೊಂಡು ಹೋದಳು. ಈ ಮಳೆಗಾಲದಲ್ಲಿ ನಿಮ್ಮ ಊರಿನ ತೋಪಿನಲ್ಲೂ ಹತ್ತು ಗುಂಡಿ ತೆಗೆಯಿರೆಂದು ಕೇಳಿಕೊಳ್ಳುತ್ತೇನೆ.

(ಲೇಖಕರು ಕೃಷಿ ವಿಸ್ತರಣಾಧಿಕಾರಿಗಳು)